ಓದಿಕೆ ಐದು, ಬಲ ಒಂಬತ್ತು

ರಮಾನಾಥ ಮಾಷ್ಟ್ರಿಗೆ ಸಿಟ್ಟು ಬಂದರೆ ಧ್ವನಿ ಏರುತ್ತಿರಲಿಲ್ಲ, ವಾಕ್ಯಗಳು ಗಿಡ್ಡವಾಗುತ್ತಿದ್ದವು. ಬೆಳ್ತಂಗಡಿ ಕಡೆಯ ಹೈಸ್ಕೂಲೊಂದರಲ್ಲಿ ಅವರ ಕೈಯಲ್ಲಿ ಗಣಿತ ಕಲಿತವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಉದ್ದಕ್ಕೆ ಬೈದರೆ ಹೆದರಬೇಕಾದ್ದಿಲ್ಲ. ‘ಎದ್ದು ನಿಲ್ಲು’ ಎಂದಷ್ಟೇ ಹೇಳಿ ಸುಮ್ಮನಾದರೆ ಮಾತ್ರ ಆ ಹುಡುಗನ ಕಥೆ ಅಲ್ಲಿಗೆ ಮುಗಿದಂತೆ. ನಿವೃತ್ತರಾಗಿ, ಮೂಡುಬಿದಿರೆಯಿಂದ ಬಂಟ್ವಾಳಕ್ಕೆ ಹೋಗುವ ರಸ್ತೆಯ ಬದಿಯ ಎತ್ತರದ ಬಯಲಾದ ಪದವಿನ ಮೇಲೆ ಮನೆ ಕಟ್ಟಿಕೊಂಡ ಮೇಲೂ ಈ ಗುಣ ಬದಲಾಗಿರಲಿಲ್ಲ.

ಗಣಿತವಲ್ಲದೆ ಅವರಿಗಿದ್ದದ್ದು ಇನ್ನೊಂದೇ ಖಯಾಲಿ, ಹವ್ಯಾಸಿಗಳು ತಮ್ಮೊಳಗೆ ಮಾತಾಡಿಕೊಳ್ಳುವ ಹ್ಯಾಮ್ ರೇಡಿಯೊ. ಅದನ್ನು ಅವರು ಕಲಿತದ್ದು ಅದೇ ಶಾಲೆಯ ಡ್ರಿಲ್ ಮಾಷ್ಟ್ರು ಕುಶಾಲಪ್ಪರ ಜತೆಗೆ. ಇಬ್ಬರೂ ಒಟ್ಟಿಗೆ ಓದಿ, ಒಟ್ಟಿಗೆ ಪರೀಕ್ಷೆಗೆ ಕುಳಿತು ಪರವಾನಗಿ ಪಡೆದವರು. ಹುಡುಗರಿಗೆ ಕುಶಾಲಪ್ಪ ಬರಿಯ ಡ್ರಿಲ್ ಮಾಷ್ಟ್ರು, ಹೆಸರು ಗೊತ್ತಿದ್ದವರು ಕಡಿಮೆ. ಅವರ ಗಂಟಲು ಆಗಿನ ಕಾಲಕ್ಕೆ ತಾಲೂಕಿನಲ್ಲೇ ಹೆಸರುವಾಸಿ. ಮೈದಾನದ ಈ ತುದಿಯಲ್ಲಿ ನಿಂತು ‘ಸಾವಧಾನ್’ ಎಂದರೆ ಆ ತುದಿಯ ಹುಡುಗರಲ್ಲದೆ ರಸ್ತೆಯಲ್ಲಿ ಹೋಗುತ್ತಿದ್ದ ಸೈಕಲ್ಲಿನವನೂ ಇಳಿದು ನಿಲ್ಲುತ್ತಿದ್ದ. ಇವರಿಗೆ ರೇಡಿಯೊ ಯಾಕೆ, ಬಾಯಿಯೇ ಸಾಲದೇ ಎಂದು ಸ್ಟಾಫ್ ರೂಮಿನಲ್ಲಿ ನಗುತ್ತಿದ್ದರು.

ಈಗ ಕುಶಾಲಪ್ಪ ಚಾರ್ಮಾಡಿ ಘಾಟಿಯ ಮೇಲಿನ ಇಳಿಜಾರಿನಲ್ಲಿದ್ದ ತಮ್ಮ ಜಾಗದಲ್ಲಿ ನೆಲೆಸಿದ್ದರು. ಅಲ್ಲಿಗೆ ಮೊಬೈಲಿನ ಸಿಗ್ನಲ್ ಹತ್ತುತ್ತಿರಲಿಲ್ಲ. ಆದ್ದರಿಂದ ದಿನಾ ಸಂಜೆ ಐದೂವರೆಗೆ ಇಬ್ಬರೂ ಕೈಯಲ್ಲಿ ಹಿಡಿಯುವ ಸಣ್ಣ ರೇಡಿಯೊ ಸೆಟ್ಟಿನಲ್ಲಿ, ಊರವರ ಬಾಯಲ್ಲಿ ಅದು ವಾಕಿಟಾಕಿ, ಮಾತಾಡುತ್ತಿದ್ದರು. ಮನೆಯೊಳಗಿಂದ ಕರೆದರೆ ಅದು ಗೋಡೆಗೆ ಕೇಳುತ್ತಿತ್ತೇ ಹೊರತು ಚಾರ್ಮಾಡಿಗೆ ಕೇಳುತ್ತಿರಲಿಲ್ಲ. ಹಾಗಾಗಿ ಮಾಷ್ಟ್ರು ಗೇಟಿನ ಹೊರಗೆ ರಸ್ತೆಯ ಅಂಚಿಗಿದ್ದ ಕೆಂಪು ಮುರಕಲ್ಲಿನ ದಿಬ್ಬವೊಂದನ್ನು ಹತ್ತಿ ನಿಲ್ಲುತ್ತಿದ್ದರು. ಅಲ್ಲಿಂದ ಮೂಡಣದಲ್ಲಿ ಘಟ್ಟದ ಗೆರೆ ಕಾಣಿಸುತ್ತಿತ್ತು. ಸೆಟ್ಟಿನ ತಲೆಯ ಮೇಲಿನ ಗೇಣುದ್ದದ ರಬ್ಬರ್ ಆಂಟೆನಾ ಆ ಗೆರೆಯವರೆಗೆ ಕಷ್ಟಪಟ್ಟು ಮುಟ್ಟುತ್ತಿತ್ತು.

ತನ್ನ ಮಾತು ಮುಗಿದಾಗ ‘ಓವರ್’ ಎನ್ನುವುದಲ್ಲದೆ, ಮಾತು ತೊಡಗುವ ಮೊದಲೂ ಒಂದು ಶಿಸ್ತು ಉಂಟು. ಕೇಳಿದ್ದು ಎಷ್ಟು ಸ್ಪಷ್ಟ ಎಂಬುದಕ್ಕೆ ಒಂದರಿಂದ ಐದರ ಒಳಗೆ ಒಂದು ಅಂಕಿ, ಬಂದ ಸಂಕೇತ ಎಷ್ಟು ಬಲವಾಗಿದೆ ಎಂಬುದಕ್ಕೆ ಒಂದರಿಂದ ಒಂಬತ್ತರ ಒಳಗೆ ಇನ್ನೊಂದು ಅಂಕಿ, ಇವೆರಡನ್ನೂ ಪರಸ್ಪರ ಹೇಳಿಕೊಳ್ಳಬೇಕು. ಉಳಿದವರು ಇದನ್ನು ಇಂಗ್ಲಿಷಿನಲ್ಲಿ ಹೇಳುತ್ತಾರೆ. ರಮಾನಾಥ ಮಾಷ್ಟ್ರು ಮಗ್ಗಿ ಹೇಳಿಸುವ ಧಾಟಿಯಲ್ಲಿ, ಸ್ವಚ್ಛ ಕನ್ನಡದಲ್ಲಿ, ರಸ್ತೆಯ ಆಚೆ ಬದಿಗೂ ಕೇಳಿಸುವಂತೆ ಹೇಳುತ್ತಿದ್ದರು: “ಕುಶಾಲಪ್ಪರೇ, ನಿಮ್ಮದು ಓದಿಕೆ ಮೂರು, ಬಲ ಆರು. ಓವರ್.”

ಮೊದಮೊದಲು ಇದನ್ನು ಕೇಳಲು ಎದುರಿನ ಗೂಡಂಗಡಿಯ ಜಿತೇಶ್ ಒಬ್ಬನೇ ಇದ್ದ. ಆಮೇಲೆ ತೆಂಗಿನಕಾಯಿ ಕೀಳುವ ಡೊಂಬಯ್ಯ ಸೇರಿಕೊಂಡ. ವರ್ಷ ತುಂಬುವಷ್ಟರಲ್ಲಿ ದಿಬ್ಬದ ಸುತ್ತ ಹತ್ತು ಹನ್ನೆರಡು ಜನರ ಸಭೆಯೇ ನೆರೆಯತೊಡಗಿತು. ರಿಕ್ಷಾದವರು ಗಾಡಿ ನಿಲ್ಲಿಸಿ ಇಳಿಯುತ್ತಿದ್ದರು. ಐದೂವರೆಗೆ ಐದು ನಿಮಿಷ ಇರುವಾಗಲೇ ಎಲ್ಲರೂ ಹಾಜರು. ಮಾಷ್ಟ್ರು ದಿಬ್ಬ ಹತ್ತಿದರೆ ಬೀಡಿ ಆರಿಸುತ್ತಿದ್ದರು. ಅಂಕಿ ಹೇಳುವಾಗಲಂತೂ ಉಸಿರಿನ ಸದ್ದೂ ಇರುತ್ತಿರಲಿಲ್ಲ.

ಅಷ್ಟೇ ಆಗಿದ್ದರೆ ಬೇರೆ ಮಾತು. ಅವರು ಪ್ರಶ್ನೆಗಳನ್ನೂ ಕೇಳುತ್ತಿದ್ದರು.

“ಸರ್, ನಿನ್ನೆ ಬಲ ಆರು ಇತ್ತು. ಇವತ್ತು ನಾಲ್ಕಕ್ಕೆ ಇಳಿದದ್ದು ಯಾಕೆ?” ಎಂದು ಜಿತೇಶ್ ಕೇಳಿದ ದಿನ ಮಾಷ್ಟ್ರು ಅರ್ಧ ಗಂಟೆ ವಿವರಿಸಿದ್ದರು. ಗಾಳಿಯ ತೇವ, ಬಿಸಿ ಗಾಳಿಯ ಪದರ, ಸೆಟ್ಟಿನ ಬ್ಯಾಟರಿ, ಕುಶಾಲಪ್ಪರು ನಿಂತ ಜಾಗ.

“ಹಾಗಾದರೆ ನಾಳೆಯದ್ದನ್ನು ಮೊದಲೇ ಅಂದಾಜು ಮಾಡಲಿಕ್ಕೆ ಆಗ್ತದಾ ಸರ್?” ಎಂದ ಡೊಂಬಯ್ಯ.

ಮಾಷ್ಟ್ರ ಎದೆ ತುಂಬಿ ಬಂತು. ಮೂವತ್ತು ವರ್ಷ ಬೆಂಚಿನ ಮೇಲೆ ಕೂರಿಸಿ ಕಲಿಸಿದರೂ ಒಬ್ಬನೇ ಒಬ್ಬ ಇಂಥ ಪ್ರಶ್ನೆ ಕೇಳಿರಲಿಲ್ಲ. “ಒಳ್ಳೆಯ ಪ್ರಶ್ನೆ ಡೊಂಬಯ್ಯ,” ಎಂದರು. ಹಾಗೆ ಅವರು ಯಾರಿಗೂ ಸುಲಭಕ್ಕೆ ಹೇಳುವವರಲ್ಲ. ಮನೆಗೆ ಬಂದು ಹೆಂಡತಿಗೂ ಹೇಳಿದರು: “ಕಾಂತಿ, ಈ ಜನಕ್ಕೆ ಕುತೂಹಲ ಇಲ್ಲ ಅಂತ ಹೇಳುವವರಿಗೆ ಬುದ್ಧಿ ಇಲ್ಲ. ನಾನೊಂದು ಹ್ಯಾಮ್ ಸಂಘ ಮಾಡ್ತೇನೆ ನೋಡು.”

ಕಾಂತಿಯಮ್ಮ ಹಲಸಿನ ಹಪ್ಪಳದ ಹಿಟ್ಟು ನಾದುತ್ತಿದ್ದರು. ಒಮ್ಮೆ ತಲೆಯೆತ್ತಿ ಗಂಡನ ಮುಖ ನೋಡಿದರು. ಏನೋ ಹೇಳಲು ಹೊರಟು, “ಮಾಡಿ,” ಎಂದಷ್ಟೇ ಹೇಳಿ ಮತ್ತೆ ನಾದಿದರು.

ಆ ಮಳೆಗಾಲ ಕಳೆದ ಮೇಲೆ ಕುಶಾಲಪ್ಪರ ಗಂಟಲಿನಲ್ಲಿ ಗೆಡ್ಡೆ ಕಾಣಿಸಿಕೊಂಡಿತು. ಮಂಗಳೂರಿನಲ್ಲಿ ಆಪರೇಶನ್ ಆಯಿತು. ಜೀವ ಉಳಿಯಿತು, ಆದರೆ ಆ ಗಂಟಲು ಹೋಯಿತು. ಉಳಿದದ್ದು ಒಣಗಿದ ಬಾಳೆಲೆಯ ಮೇಲೆ ಬೆರಳು ಎಳೆದಂಥ ಸದ್ದು. ಮನೆಗೆ ಮರಳಿದ ಮೇಲೆ ಮೊದಲ ಸಂಜೆ ಅವರು ಸೆಟ್ಟು ಹಿಡಿದಾಗ ಮಾಷ್ಟ್ರಿಗೆ ದಿಬ್ಬದ ಮೇಲೆ ಕೇಳಿಸಿದ್ದು ಬರಿಯ ಸುಯ್ಯೆನ್ನುವ ಗದ್ದಲ. ಆ ಗದ್ದಲದ ಅಡಿಯಲ್ಲಿ ಎಲ್ಲೋ ಒಬ್ಬ ಮನುಷ್ಯ ಇದ್ದಾನೆಂದು ಊಹಿಸಬಹುದಿತ್ತು, ಅಷ್ಟೇ. ಸುತ್ತಲಿದ್ದವರು ಕಾಯುತ್ತಿದ್ದರು. ಮಾಷ್ಟ್ರು ಭಾರವಾದ ಮನಸ್ಸಿನಿಂದ, “ಓದಿಕೆ ಒಂದು, ಬಲ ಎರಡು,” ಎಂದರು. ಹಿಂದಿನಿಂದ ಯಾರೋ ಸಂತೋಷದಿಂದ, “ಒಂದು ಎರಡು!” ಎಂದು ಪಿಸುಗುಟ್ಟಿದರು. ಆ ಸಂತೋಷ ಅವರಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳುವ ಮನಸ್ಸೂ ಆಗ ಇರಲಿಲ್ಲ.

ಮರುದಿನ ಪೇಟೆಯ ಅಂಗಡಿಯೊಂದರಲ್ಲಿ ವಿಚಾರಿಸಿದರು. ಅಲ್ಲಿಯವನು ಇನ್ನೂ ಹೆಚ್ಚು ವಾಟ್ಸಿನ ಸೆಟ್ಟು ತೆಗೆದುಕೊಳ್ಳಿ ಎಂದ. ಮಾಷ್ಟ್ರು ಕನ್ನಡಕದ ಮೇಲಿನಿಂದ ನೋಡಿದರು. “ನನಗೆ ಕೇಳುದಿಲ್ಲ ಅಂತ ನಾನು ಹೇಳಿದ್ದು. ಕಿವಿ ಕೇಳದವನ ಬಾಯಿ ದೊಡ್ಡದು ಮಾಡಿದರೆ ಎಂತ ಪ್ರಯೋಜನ?”

“ಅಂದರೆ ಅವರ ಸ್ವರವನ್ನು ದೊಡ್ಡದು ಮಾಡಲಿಕ್ಕೆ ಆಗ್ತದಾ?” ಎಂದು ಮನೆಯಲ್ಲಿ ಕಾಂತಿಯಮ್ಮ ಕೇಳಿದರು.

“ಸ್ವರ ಡಾಕ್ಟ್ರಿಗೂ ಆಗಲಿಲ್ಲ, ನನಗೆ ಆಗ್ತದಾ? ಗದ್ದಲವನ್ನು ಹಿಂದೆ ಹಾಕಬಹುದು. ಆಂಟೆನಾ ಬಾಯಿಯೂ ಹೌದು, ಕಿವಿಯೂ ಹೌದು. ಈ ರಬ್ಬರಿನದ್ದು ಎರಡಕ್ಕೂ ಮೋಸ.”

ಅಟ್ಟದ ಮೇಲೆ ದೂರದರ್ಶನದ ಕಾಲದ ಟಿ.ವಿ. ಆಂಟೆನಾ ಬಿದ್ದಿತ್ತು. ಮಾಷ್ಟ್ರು ಅದನ್ನು ಇಳಿಸಿ, ಅಲ್ಯೂಮಿನಿಯಂ ಕಡ್ಡಿಗಳನ್ನು ಉಜ್ಜಿ, ಹಾಳೆಯ ಮೇಲೆ ಲೆಕ್ಕ ಹಾಕಿದರು. ಮುನ್ನೂರನ್ನು ತಮ್ಮ ಸೆಟ್ಟಿನ ಕಂಪನಾಂಕವಾದ ನೂರ ನಲವತ್ತೈದರಿಂದ ಭಾಗಿಸಿದರೆ ಅಲೆಯ ಉದ್ದ ಎರಡು ಮೀಟರಿಗಿಂತ ತುಸು ಹೆಚ್ಚು. ಅದರ ಅರ್ಧಕ್ಕಿಂತ ತುಸು ಗಿಡ್ಡವಾಗಿ ನಡುವಿನ ಕಡ್ಡಿ. ಬೆನ್ನಿಗಿರುವುದು ಅದಕ್ಕಿಂತ ಉದ್ದ, ಮುಂದಿರುವುದು ಅದಕ್ಕಿಂತ ಗಿಡ್ಡ. ಮೂರು ಕಡ್ಡಿಗಳು ಸಾಕು. ಗಿಡ್ಡ ಕಡ್ಡಿ ಯಾವ ಕಡೆಗೆ ಮುಖ ಮಾಡುತ್ತದೋ ಆ ಕಡೆಯ ಮಾತು ಮಾತ್ರ ಬಲವಾಗಿ ಕೇಳುತ್ತದೆ. ಕಡ್ಡಿಯಿಂದ ಸೆಟ್ಟಿಗೆ ಬರುವ ಕೇಬಲ್ ತೆಳುವಾದರೆ ಸಿಕ್ಕಿದ್ದರಲ್ಲಿ ಅರ್ಧವನ್ನು ಅದೇ ನುಂಗುತ್ತದೆಂದು ಅಂಗಡಿಯವನು ಕೊಟ್ಟ ತೆಳು ಕೇಬಲನ್ನು ಹಿಂದೆ ಕೊಟ್ಟು ದಪ್ಪದ್ದನ್ನೇ ತರಿಸಿದರು.

ಕಟ್ಟಲು ಡೊಂಬಯ್ಯನೇ ಬಂದ. ತಾರಸಿಯ ಮೇಲಿನ ನೀರಿನ ಟ್ಯಾಂಕಿನ ತಲೆಗೆ ಹತ್ತುವುದು ಎಪ್ಪತ್ತು ದಾಟಿದ ಮಾಷ್ಟ್ರಿಂದ ಆಗುವ ಕೆಲಸವಲ್ಲ. ಡೊಂಬಯ್ಯ ಮೊದಲು ಕಡ್ಡಿಗಳನ್ನು ಅಡ್ಡಕ್ಕೆ ಮಲಗಿಸಿ ಕಟ್ಟಿದ.

“ಮಲಗಿಸಬೇಡ ಮಾರಾಯ. ನಿಲ್ಲಿಸು.”

“ಟಿ.ವಿ.ಯದ್ದು ಹೀಗೇ ಅಲ್ಲವಾ ಸರ್? ಆಗ ಈ ಪದವಿನ ಎಲ್ಲ ಮನೆಗೂ ನಾನೇ ಕಟ್ಟಿದ್ದು.”

“ಕುಶಾಲಪ್ಪರು ಸೆಟ್ಟನ್ನು ನೆಟ್ಟಗೆ ಹಿಡಿದು ಮಾತಾಡ್ತಾರೆ. ಅಲ್ಲಿಂದ ನಿಂತುಕೊಂಡು ಬಂದದ್ದನ್ನು ಇಲ್ಲಿ ಮಲಗಿಕೊಂಡು ಹಿಡಿಯಲಿಕ್ಕೆ ಆಗುದಿಲ್ಲ.”

ಡೊಂಬಯ್ಯ ನಗುತ್ತ ನಿಲ್ಲಿಸಿ ಕಟ್ಟಿದ. “ಆಗ ಎಂತ ಗಮ್ಮತ್ತು ಸರ್! ನಾನು ಮೇಲೆ, ಮನೆಯವರೆಲ್ಲ ಕೆಳಗೆ ಟಿ.ವಿ.ಯ ಎದುರು. ‘ಬಂತು, ಬಂತು, ಅಯ್ಯೋ ಹೋಯ್ತು’ ಅಂತ ಅವರ ಬೊಬ್ಬೆ. ಒಮ್ಮೆ ತಿರುಗಿಸಲಿಕ್ಕೆ ಹೊರಟರೆ ಇಡೀ ಊರಿಗೆ ಗೊತ್ತಾಗ್ತಿತ್ತು.”

“ಬಂತು, ಹೋಯ್ತು ಎಂಬುದು ಅಳತೆಯಲ್ಲ,” ಎಂದರು ಮಾಷ್ಟ್ರು. “ನಾನು ಕೆಳಗಿನಿಂದ ಅಂಕಿ ಹೇಳ್ತೇನೆ. ನೀನು ಅಂಕಿ ಕೇಳಿ ತಿರುಗಿಸು.”

“ಅಂಕಿಯೇ ಒಳ್ಳೇದು ಸರ್,” ಎಂದ ಡೊಂಬಯ್ಯ, ಬಹಳ ಭಕ್ತಿಯಿಂದ.

ಆ ಸಂಜೆ ಮಾಷ್ಟ್ರು ತಮ್ಮ ಕೋಣೆಯ ಕುರ್ಚಿಯಲ್ಲಿ ಕೂತು ಕೇಬಲಿನ ತುದಿಯನ್ನು ಸೆಟ್ಟಿಗೆ ತಿರುಚಿದರು. ಬಟನ್ ಒತ್ತಿ ಕರೆದರು, ಬಿಟ್ಟರು. ಸುಯ್ಯೆನ್ನುವುದು ಪಟ್ಟನೆ ನಿಂತಿತು. ಆ ಮೌನದೊಳಗೆ, ಪಕ್ಕದ ಕುರ್ಚಿಯಲ್ಲಿ ಕೂತು ಹೇಳಿದಂತೆ, ಕುಶಾಲಪ್ಪರ ಒಣ ಸ್ವರ ಬಂತು: “ಮಾಷ್ಟ್ರೇ, ಕೇಳ್ತದಾ? ಇದೇ ಈಗ ನನ್ನ ಸ್ವರ. ಓವರ್.”

ಮಾಷ್ಟ್ರು ಕುರ್ಚಿಯನ್ನು ಮುಂದಕ್ಕೆಳೆದು ಬಟನ್ ಒತ್ತಿ, “ಓದಿಕೆ ಐದು, ಬಲ ಒಂಬತ್ತು. ನಿಮ್ಮ ಅಂಗಳದ ಕೋಳಿಯ ಸ್ವರವೂ ಕೇಳ್ತದೆ. ಓವರ್,” ಎಂದರು.

“ಕೋಳಿಯದ್ದು ನನಗಿಂತ ದೊಡ್ಡ ಸ್ವರ ಮಾರಾಯ್ರೆ,” ಎಂದು ಆ ಕಡೆಯಿಂದ ನಗೆಯಂಥ ಉಸಿರು ಬಂತು.

ಇದರ ಮರುದಿನವೇ ಗೇಟಿನ ಹತ್ತಿರ ಜನ. ಮುಂದೆ ಜಿತೇಶ್.

“ಸರ್, ಕಲ್ಲಿಗೆ ಬರ್ಲಿಲ್ಲ ಅಲ್ಲವಾ ನಿನ್ನೆ? ಹುಷಾರುಂಟಲ್ಲ?”

“ಇನ್ನು ಕಲ್ಲು ಬೇಡ. ಒಳಗಿನಿಂದಲೇ ಆಗ್ತದೆ.”

ಅವರ ಮುಖಗಳು ಬಾಡಿದವು. ವಿದ್ಯೆಯ ಹಸಿವು ಇಷ್ಟಿರುವವರನ್ನು ಹೊರಗೆ ನಿಲ್ಲಿಸುವುದು ತಪ್ಪೆಂದು ಮಾಷ್ಟ್ರಿಗೆ ತೋರಿತು. ಎಲ್ಲರನ್ನೂ ಒಳಗೆ ಕರೆದು ಚಾವಡಿಯಲ್ಲಿ ಕೂರಿಸಿದರು. ಕಾಂತಿಯಮ್ಮ ತುಟಿ ಬಿಗಿಹಿಡಿದು ಚಹಾ ತಂದಿಟ್ಟರು. ಐದೂವರೆಯಾಯಿತು. ಓದಿಕೆ ಐದು, ಬಲ ಒಂಬತ್ತು.

ಮರುದಿನವೂ ಐದು, ಒಂಬತ್ತು. ಅದರ ಮರುದಿನವೂ. ವಾರ ಕಳೆಯಿತು. ಚಾವಡಿಯಲ್ಲಿ ಚಹಾ ಕುಡಿಯುವವರ ಸಂಖ್ಯೆ ಇಳಿಯುತ್ತ ಬಂತು. ಉಳಿದವರ ಮುಖದಲ್ಲಿ ಒಂದು ಬಗೆಯ ಹಠ ಕಾಣತೊಡಗಿತು.

“ಸರ್,” ಎಂದ ಜಿತೇಶ್ ಒಂದು ಸಂಜೆ, “ನಿಮ್ಮ ಮಿಷನ್ ಒಂದೇ ಕಡೆ ಸಿಕ್ಕಿಹಾಕಿಕೊಂಡಿದೆಯಾ ಅಂತ.”

“ಸಿಕ್ಕಿಹಾಕಿಕೊಂಡಿಲ್ಲ. ಸರಿಯಾಗಿದೆ. ಸರಿಯಾದದ್ದು ದಿನಾ ಒಂದೇ ರೀತಿ ಇರ್ತದೆ.”

“ಆದರೂ ಸ್ವಲ್ಪ ಆಚೀಚೆ ಆಗಬೇಡವಾ ಸರ್? ಮೊದಲು ಎಷ್ಟು ಚಂದ ಮೂರು ಏಳು, ಎರಡು ನಾಲ್ಕು ಅಂತ ಬರ್ತಿತ್ತು.”

“ಅದು ಚಂದವಾ? ಅದು ದೋಷ.”

ಆಗ ಡೊಂಬಯ್ಯನಿಗೆ ತಡೆಯಲಿಲ್ಲ. “ದೋಷ ಈಗ ನಮಗೆ ಸರ್! ಐದು ಒಂಬತ್ತು ಹಾಕಿ ಹಾಕಿ ಮುಳುಗಿದೆವು. ಓಪನ್ನಿಗೂ ಐದು ಬರ್ಲಿಲ್ಲ, ಕ್ಲೋಸಿಗೂ ಒಂಬತ್ತು ಬರ್ಲಿಲ್ಲ.”

ಜಿತೇಶ್ ಡೊಂಬಯ್ಯನ ತೊಡೆಗೆ ಚಿವುಟಿದ್ದು ತಡವಾಗಿತ್ತು.

ಓಪನ್, ಕ್ಲೋಸ್. ಅಂಕಿಗೆ ಹಣ ಕಟ್ಟುವ ಮಟ್ಕಾ ಜೂಜಿನಲ್ಲಿ ಮೊದಲು ಬರುವ ಅಂಕಿ, ಆಮೇಲೆ ಬರುವ ಅಂಕಿ. ಮಾಷ್ಟ್ರು ಆಡಿದವರಲ್ಲ, ಆದರೆ ಊರಿನಲ್ಲಿ ಬದುಕಿದವರು. ದಿನಕ್ಕೆ ಎರಡಂಕಿ. ತಾವು ಹೇಳುತ್ತಿದ್ದದ್ದೂ ದಿನಕ್ಕೆ ಎರಡಂಕಿ. ಹನ್ನೆರಡು ಜನರ ಆ ಉಸಿರು ಬಿಗಿಹಿಡಿದ ಮೌನ, ಆ ಪ್ರಶ್ನೆಗಳು, ‘ನಾಳೆಯದ್ದನ್ನು ಮೊದಲೇ ಅಂದಾಜು ಮಾಡಲಿಕ್ಕೆ ಆಗ್ತದಾ ಸರ್’, ಎಲ್ಲವೂ ಒಂದರ ಮೇಲೊಂದು ಬಂದು ಕೂತು ಮೊತ್ತ ಸರಿಹೋಯಿತು.

“ಶುರುವಾದದ್ದು ಹೇಗೆ?” ಎಂದರು.

“ಅದು ಸರ್… ನೀವು ಒಂದು ದಿನ ಮೂರು ಆರು ಅಂದಿರಿ. ಅದೇ ದಿನ ಮೂವತ್ತಾರು ಬಂತು.”

“ಮತ್ತೆ?”

“ಮತ್ತೆ ಒಮ್ಮೆ ಹತ್ತಿರ ಹತ್ತಿರ ಬಂತು ಸರ್.”

“ನನ್ನ ಮೊದಲ ಅಂಕಿ ಐದನ್ನು ದಾಟುವುದೇ ಇಲ್ಲ. ಒಂದು ವರ್ಷದಲ್ಲಿ ಒಮ್ಮೆಯಾದರೂ ಆರು ಬಂದದ್ದುಂಟಾ? ಅದು ಯಾರ ತಲೆಗೂ ಹೋಗಲಿಲ್ಲವಾ?”

“ಹೋಗಿದೆ ಸರ್,” ಎಂದ ಡೊಂಬಯ್ಯ ಪ್ರಾಮಾಣಿಕವಾಗಿ. “ಅದಕ್ಕೇ ನಾವು ಓಪನ್ನಿಗೆ ಆರರಿಂದ ಮೇಲೆ ಹಾಕುವುದೇ ಬಿಟ್ಟಿದ್ದು.”

ಮಾಷ್ಟ್ರು ಬಾಗಿಲು ತೋರಿಸಿದರು.

ಎಲ್ಲರೂ ಹೋದ ಮೇಲೆ ಒಳಗೆ ಬಂದು ಕಾಂತಿಯಮ್ಮನ ಎದುರು ನಿಂತರು. “ನಿನಗೆ ಗೊತ್ತಿತ್ತಾ?”

“ಊರಿಗೆಲ್ಲ ಗೊತ್ತಿತ್ತು.”

“ಹೇಳಲಿಲ್ಲ.”

“ಹೇಗೆ ಹೇಳುದು? ಶಾಲೆ ಬಿಟ್ಟ ಮೇಲೆ ನೀವು ಅಷ್ಟು ಖುಷಿಯಲ್ಲಿ ಇದ್ದದ್ದನ್ನು ನಾನು ಕಂಡದ್ದೇ ಇಲ್ಲ. ದಿನಾ ಸಂಜೆ ಮುಖ ತೊಳೆದು, ಅಂಗಿ ಬದಲಾಯಿಸಿ, ತಲೆ ಬಾಚಿ ಹೋಗ್ತಿದ್ದಿರಿ.”

ಈ ಮಾತು ಡೊಂಬಯ್ಯನ ಮಾತಿಗಿಂತ ಹೆಚ್ಚು ಚುಚ್ಚಿತು. ಅನಿಶ್ಚಿತವಾದದ್ದನ್ನು ಹೇಗೆ ಅಳೆಯಬೇಕೆಂದು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದವರು ಅವರು. ದಾಳ ಎಸೆದರೆ ಹಿಂದಿನ ಎಸೆತ ಅದಕ್ಕೆ ನೆನಪಿರುವುದಿಲ್ಲ ಎಂದು ಎಷ್ಟು ತಂಡಗಳಿಗೆ ಬಾಯಿಪಾಠ ಮಾಡಿಸಿದ್ದರು! ಜಿತೇಶ್ ಅವರದೇ ಶಿಷ್ಯ, ಡೊಂಬಯ್ಯನೂ ಎಂಟನೆಯಲ್ಲಿ ಅವರದೇ ಕ್ಲಾಸು. ಘಟ್ಟದ ಬುಡದ ಗಾಳಿಯ ತೇವಕ್ಕೂ, ಕುಶಾಲಪ್ಪರ ಹಳೆಯ ಬ್ಯಾಟರಿಗೂ, ಎಲ್ಲೋ ಯಾರೋ ಎತ್ತುವ ಚೀಟಿಗೂ ಎಂಥ ಸಂಬಂಧ? ಸಂಬಂಧವಿಲ್ಲದ್ದು ಇರಲಿ. ಗೆಳೆಯನ ಸ್ವರ ಮುಳುಗಿಹೋದ ದಿನ, ‘ಒಂದು ಎರಡು’ ಎಂದು ಯಾರೋ ಹಿಗ್ಗಿದ್ದರಲ್ಲ!

ಅಂದೇ ಅವರು ಒಂದು ನಿಶ್ಚಯ ಮಾಡಿದರು. ಇನ್ನು ಈ ಸೆಟ್ಟಿನ ಮುಂದೆ, ಯಾರ ಕಿವಿಗೂ ಬೀಳುವಂತೆ, ಒಂದೇ ಒಂದು ಅಂಕಿಯನ್ನು ಉಚ್ಚರಿಸುವುದಿಲ್ಲ. ಚಾವಡಿಯ ಬಾಗಿಲನ್ನು ಐದು ಗಂಟೆಗೇ ಹಾಕತೊಡಗಿದರು. ಕೋಣೆಯ ಕಿಟಕಿ ಮುಚ್ಚಿ ಮಾತಾಡಿದರು. ಕುಶಾಲಪ್ಪ, “ವರದಿ ಕೊಡಲಿಲ್ಲ ಮಾಷ್ಟ್ರೇ,” ಎಂದರೆ, “ಚೆನ್ನಾಗಿ ಕೇಳ್ತದೆ,” ಎಂದಷ್ಟೇ ಹೇಳಿ ಮುಂದುವರಿದರು. ಹಾಗೆ ಹೇಳುವಾಗ ಅಳತೆಯಿಲ್ಲದೆ ಅಕ್ಕಿ ಕೊಟ್ಟಂತೆ ಅವರಿಗೆ ಮುಜುಗರವಾಗುತ್ತಿತ್ತು.

ಕುಶಾಲಪ್ಪರನ್ನು ಮಂಗಳೂರಿನ ಆಸ್ಪತ್ರೆಯವರು ಮತ್ತೊಮ್ಮೆ ಪರೀಕ್ಷೆಗೆ ಕರೆದಿದ್ದರು. ಗೆಡ್ಡೆ ಪುನಃ ತಲೆಯೆತ್ತಿದೆಯೇ ಇಲ್ಲವೇ ಎಂದು ಆ ದಿನ ತಿಳಿಯಬೇಕು. ಪೇಟೆಯಿಂದಲೇ ಫೋನ್ ಮಾಡಿ ಎಂದರೆ ಅವರು ಒಪ್ಪಿರಲಿಲ್ಲ. “ಬೇಡ ಮಾಷ್ಟ್ರೇ. ಒಳ್ಳೇದಾಗಲಿ ಕೆಟ್ಟದ್ದಾಗಲಿ, ಮನೆಗೆ ಮುಟ್ಟಿ ಇದರಲ್ಲೇ ಹೇಳ್ತೇನೆ. ಇದರಲ್ಲಿ ನಾನು ಹೇಳಿದ್ದು ಪೂರ್ತಿ ಕೇಳ್ತದೆ. ಫೋನಿನಲ್ಲಿ ಎಲ್ಲರೂ ‘ಹಾಂ, ಹಾಂ, ಎಂತ’ ಅಂತಾರೆ.”

ಆ ಸಂಜೆ ಮಾಷ್ಟ್ರು ಐದು ಗಂಟೆಗೇ ಕುರ್ಚಿಯಲ್ಲಿ ಕೂತರು. ಐದೂವರೆಗೆ ಕರೆದರು. ಬಟನ್ ಬಿಟ್ಟಾಗ ಕೋಣೆಯಲ್ಲಿ ತುಂಬಿಕೊಂಡದ್ದು ಸುಯ್ಯೆನ್ನುವ ಗದ್ದಲ. ಕೇಬಲಿನ ತುದಿ ಬಿಚ್ಚಿ ಮತ್ತೆ ತಿರುಚಿದರು. ಬ್ಯಾಟರಿ ನೋಡಿದರು. ಮತ್ತೆ ಕರೆದರು. ಗದ್ದಲದ ತಳದಲ್ಲಿ ಉಸಿರಿನಂಥದ್ದೇನೋ ಆಡಿ ಮುಳುಗಿತು.

ಅಂಗಳಕ್ಕೆ ಇಳಿದು ತಲೆಯೆತ್ತಿದರು. ಟ್ಯಾಂಕಿನ ಮೇಲೆ ಮೂರು ಕಡ್ಡಿಗಳು ಎಂದಿನಂತೆ ನೆಟ್ಟಗೆ ನಿಂತಿದ್ದವು. ಆದರೆ ಗಿಡ್ಡ ಕಡ್ಡಿಯ ಮುಖ ಪಡುವಣಕ್ಕಿತ್ತು. ಚಾರ್ಮಾಡಿಗೆ ಬೆನ್ನು ಹಾಕಿ, ಕಡಲಿನ ಮಾತು ಕೇಳುವುದಕ್ಕೆ ಕೂತಂತೆ. ಗಾಳಿಯಿರಲಿಲ್ಲ. ಗಾಳಿಗೆ ತಿರುಗುವ ಕಟ್ಟೂ ಅದಾಗಿರಲಿಲ್ಲ. ಬೆಳಿಗ್ಗೆ ಕಾಯಿ ಕೀಳಲು ಡೊಂಬಯ್ಯ ಬಂದಿದ್ದ. ಮಾಷ್ಟ್ರಿಗೆ ಬೇಡವಾಗಿದ್ದರೂ ಕಾಯಿ ಒಣಗಿ ಬೀಳುತ್ತಿದೆಯೆಂದು ಕಾಂತಿಯಮ್ಮನೇ ಕರೆಸಿದ್ದರು.

ಮಾಷ್ಟ್ರು ರಬ್ಬರ್ ಆಂಟೆನಾ ಸಿಕ್ಕಿಸಿಕೊಂಡು ಗೇಟು ದಾಟಿ, ತಿಂಗಳುಗಳ ಮೇಲೆ ಮುರಕಲ್ಲಿನ ದಿಬ್ಬ ಹತ್ತಿದರು. ಕಲ್ಲಿನ ಮೇಲಾದರೂ ತುಣುಕು ಸಿಕ್ಕೀತೇ ಎಂದು ಕಣ್ಣು ಮುಚ್ಚಿ ಕಿವಿಗೊತ್ತಿ ಹಿಡಿದರು. “…ಡಾಕ್ಟ್ರು… …ಅಂತ… ಓವರ್.” ನಡುವಿನದ್ದೆಲ್ಲ ಸುಯ್ಯೆಂದು ಹೋಯಿತು. ಆ ಮನುಷ್ಯ ಇರುವ ಅಷ್ಟಿಷ್ಟು ಗಂಟಲನ್ನು ಹರಿದುಕೊಂಡು ಹೇಳುತ್ತಿದ್ದಾನೆ. ಹೇಳಿದ್ದು ಗಾಳಿಗೆ ಹೋಗುತ್ತಿದೆ.

ಕಣ್ಣು ತೆರೆದು ನೋಡಿದರೆ ಸುತ್ತ ಜನ. ಜಿತೇಶ್ ಓಡಿ ಬಂದವನು ಏದುಸಿರು ಬಿಡುತ್ತಿದ್ದ. ರಿಕ್ಷಾ ಎರಡು ನಿಂತಿದ್ದವು. ಡೊಂಬಯ್ಯ ಬೀಡಿ ಆರಿಸಿ, ಅಂಗಡಿಯ ಬೆಂಚಿನ ಮೇಲೆ ಕಾಲು ಮಡಚಿ ಕೂತು, ಹಿಂದೆ ಕೂರುತ್ತಿದ್ದ ಅದೇ ಭಕ್ತಿಯಿಂದ ಕಾಯುತ್ತಿದ್ದ.

“ಎಷ್ಟು ಸರ್ ಇವತ್ತು?” ಎಂದ.

“ಎದ್ದು ನಿಲ್ಲು,” ಎಂದರು ಮಾಷ್ಟ್ರು.

ಡೊಂಬಯ್ಯ ಎದ್ದ. ಆ ಮಾತಿನ ಬಿಗಿಗೆ, ಗಾಡಿಯೊಳಗೆ ಕೂತಿದ್ದ ರಿಕ್ಷಾದವನೂ ಇಳಿದು ನಿಂತ.

“ಆಂಟೆನಾ ತಿರುಗಿಸಿದ್ದು ಯಾರು?”

“ಸ್ವಲ್ಪವೇ ಸರ್… ಅಂಕಿ ಬದಲಾದರೆ ನೀವು ಪುನಃ ಕಲ್ಲಿಗೆ ಬರ್ತೀರಿ ಅಂತ… ಜಿತೇಶಣ್ಣ ಹೇಳಿದ್ದು.”

“ನಾನು ಸುಮ್ಮನೆ ತಮಾಷೆಗೆ ಹೇಳಿದ್ದು ಮಾರಾಯ!” ಎಂದ ಜಿತೇಶ್.

“ಕುಶಾಲಪ್ಪರು ಯಾರು ಗೊತ್ತುಂಟಾ?”

“ಯಾರೋ ಚಾರ್ಮಾಡಿಯವರಲ್ಲವಾ ಸರ್?” ಎಂದ ಜಿತೇಶ್.

“ಒಂದು ವರ್ಷ ಕೇಳಿದಿರಿ. ಒಬ್ಬನಾದರೂ ಆ ಕಡೆ ಯಾರಿದ್ದಾರೆ ಅಂತ ಕೇಳಿದ್ದುಂಟಾ? ಜಿತೇಶ್, ನಿನ್ನನ್ನು ಹೈಜಂಪಿನಲ್ಲಿ ಜಿಲ್ಲೆಗೆ ಕರೆದುಕೊಂಡು ಹೋದವರು. ಡೊಂಬಯ್ಯ, ನೀನು ಮೈದಾನದಲ್ಲಿ ಕಾಲು ಮುರಿದುಕೊಂಡಾಗ ಬೆನ್ನ ಮೇಲೆ ಹೊತ್ತವರು. ಅವರ ಗಂಟಲು ಕೊಯ್ದಿದ್ದಾರೆ. ಇವತ್ತು ರಿಪೋರ್ಟು. ಬದುಕೋ ಸಾವೋ ಅಂತ ಅವರು ಅಲ್ಲಿಂದ ಹೇಳ್ತಾ ಇದ್ದಾರೆ. ನನಗೆ ಕೇಳುದಿಲ್ಲ. ನಿಮ್ಮ ಓಪನ್ ಕ್ಲೋಸಿನಿಂದ.”

“ಡ್ರಿಲ್ ಮಾಷ್ಟ್ರಾ ಸರ್ ಅದು?” ಎಂದ ಡೊಂಬಯ್ಯ. ಮತ್ತೆ ಯಾರೂ ಹೇಳುವ ಮೊದಲೇ ಗೇಟಿನ ಕಡೆಗೆ ಓಡಿದ. ಮಾಷ್ಟ್ರು ಕೋಣೆ ಸೇರಿ ಕೇಬಲ್ ಸಿಕ್ಕಿಸುವಷ್ಟರಲ್ಲಿ ಅವನು ಟ್ಯಾಂಕಿನ ತಲೆಯ ಮೇಲಿದ್ದ. ಜಿತೇಶನೂ ಉಳಿದವರೂ ಅಂಗಳದಲ್ಲಿ ತುಂಬಿದರು.

“ಕುಶಾಲಪ್ಪರೇ, ಬಟನ್ ಒತ್ತಿ ಹಿಡಿದುಕೊಂಡು ಸುಮ್ಮನೆ ಮಾತಾಡ್ತಾ ಇರಿ. ನಾನು ಆಂಟೆನಾ ಸರಿಮಾಡ್ತೇನೆ. ಓವರ್,” ಎಂದು ಮಾಷ್ಟ್ರು ಸೆಟ್ಟಿಗೆ ಹೇಳಿ, ಕಿಟಕಿ ತೆರೆದರು. “ತಿರುಗಿಸು!”

ಮೇಲೆ ಪೈಪು ಕಿರುಗುಟ್ಟಿತು. ಡೊಂಬಯ್ಯನ ಕೂಗು ಬಂತು: “ಎಷ್ಟು ಸರ್?”

ಮಾಷ್ಟ್ರ ಬಾಯಿಯವರೆಗೆ ಬಂದದ್ದು ಎರಡು. ಸೆಟ್ಟಿನ ಮುಖದಲ್ಲಿ ಬಲ ತೋರಿಸುವ ಗೆರೆಗಳು ಎರಡನ್ನೇ ತೋರಿಸುತ್ತಿದ್ದವು. ಕಿಟಕಿಯ ಆಚೆ ಹತ್ತಾರು ಕಿವಿಗಳು ನಿಮಿರಿದ್ದವು. ಒಬ್ಬ ಆಗಲೇ ಜೇಬಿಗೆ ಕೈ ಹಾಕಿದ್ದ. ಇಷ್ಟಾದ ಮೇಲೂ! ಮಾಷ್ಟ್ರು ಬಾಯಿ ಮುಚ್ಚಿದರು. ಇತ್ತ ಗದ್ದಲದಲ್ಲಿ ಗೆಳೆಯನ ಉಸಿರು ಏಳುತ್ತ ಮುಳುಗುತ್ತ ಇತ್ತು. ಎಷ್ಟು ಹೊತ್ತು ಮಾತಾಡಬಲ್ಲರು ಆ ಗಂಟಲಿನಲ್ಲಿ?

“ಎಷ್ಟು ಸರ್? ಹೇಳಿ!”

“ಹೋಯ್ತು!” ಎಂದು ಕೂಗಿದರು ಮಾಷ್ಟ್ರು.

ಮೇಲಿದ್ದ ಡೊಂಬಯ್ಯನಿಗೆ ಹಳೆಯ ಟಿ.ವಿ. ಕಾಲದ ಭಾಷೆ ಹೊಳೆಯಿತು. “ಈಗ?”

“ಇಲ್ಲ… ಇನ್ನೂ… ಬಂತು… ಬಂತು! ಅಯ್ಯೋ ಹೋಯ್ತು! ಹಿಂದೆ ತಗೊ! ಬಂತು, ಬಂತು, ಬಂತು!”

ಎಪ್ಪತ್ತು ದಾಟಿದ ಗಣಿತದ ಮಾಷ್ಟ್ರು ಕಿಟಕಿಯ ಸರಳು ಹಿಡಿದು ಬೊಬ್ಬೆ ಹೊಡೆಯುವುದನ್ನು ಕಾಂತಿಯಮ್ಮ ಬಾಗಿಲಿನಲ್ಲಿ ನಿಂತು ನೋಡಿದರು. ಸುಯ್ಯೆನ್ನುವುದು ಪಟ್ಟನೆ ನಿಂತಿತು. ಅಂಗಳದ ಕೊನೆಯವರೆಗೂ ಕೇಳಿಸುವಂತೆ ಆ ಒಣ ಸ್ವರ ಬಂತು:

“…ಪುನಃ ಹೇಳ್ತೇನೆ ಮಾಷ್ಟ್ರೇ. ಎಂತದ್ದೂ ಇಲ್ಲ ಅಂತ ಡಾಕ್ಟ್ರು ಹೇಳಿದ್ದು. ಕ್ಲೀನ್ ಉಂಟಂತೆ. ಸ್ವರ ಮಾತ್ರ ಇಷ್ಟೇ, ಇನ್ನು ಹೆಚ್ಚು ಬರುದಿಲ್ಲ ಅಂತೆ. ಕೇಳಿತಾ? ಓವರ್.”

ಮಾಷ್ಟ್ರು ಕನ್ನಡಕ ತೆಗೆದು ಒರೆಸಿದರು. “ಇಷ್ಟು ಸ್ವರ ಸಾಕು. ಉಳಿದದ್ದನ್ನು ಕಡ್ಡಿ ನೋಡಿಕೊಳ್ತದೆ. ಓವರ್.”

“ಈಗ ಬಹಳ ಲಾಯ್ಕ್ ಬರ್ತಾ ಉಂಟು ನಿಮ್ಮದು. ನನ್ನದಕ್ಕೆ ವರದಿ ಕೊಡಿ ಮಾರಾಯ್ರೆ, ಎಷ್ಟು ದಿನ ಆಯ್ತು! ಎಷ್ಟು ನನ್ನದು? ಓವರ್.”

ಅಂಗಳದಲ್ಲಿ ಬೀಡಿಗಳು ಆರಿದವು. ಮಾಷ್ಟ್ರು ಕಿಟಕಿಯ ಕಡೆಗೆ ಒಮ್ಮೆ ನೋಡಿದರು.

“ಬಂತು,” ಎಂದರು. “ನಿಮ್ಮದು ಬಂತು, ಕುಶಾಲಪ್ಪರೇ. ಓವರ್.”

ಮೇಲಿನಿಂದ ಡೊಂಬಯ್ಯ ಕೇಳಿದ: “ಬಂತಾ ಸರ್?”

“ಬಂತು. ಇನ್ನು ಮುಟ್ಟಬೇಡ.”

ಕಿಟಕಿ ಮುಚ್ಚಲು ಕೈ ಚಾಚಿದಾಗ ಅವರಿಗೆ ಕಂಡದ್ದು ಜಿತೇಶ್. ತುಳಸಿಕಟ್ಟೆಯ ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕೂತು, ಕಣ್ಣು ಅರ್ಧ ಮುಚ್ಚಿ, ಬೆರಳು ಮಡಚುತ್ತಿದ್ದ. ತುಟಿ ಅಲುಗುತ್ತಿತ್ತು. ಬಂ. ತು. ಎರಡು.

“ಜಿತೇಶ್,” ಎಂದರು ಮಾಷ್ಟ್ರು. “ಎದ್ದು ನಿಲ್ಲು.”